ಜಾಮೀನಿಗೆ ಯಾರು ಬರುತ್ತೀರಿ? ಕುಂದುರ್ಪಿ ಸೀಮೆಯ ಕಥೋಲಿಕ ಬಂಧುಗಳಿಗೆ ಬಹಿರಂಗ ಪತ್ರ

ಕುಂದುರ್ಪಿ, ಕಲ್ಯಾಣದುರ್ಗ, ಮಡಕಶಿರಾ, ಹಿಂದೂಪುರದ ಕಡೆಯ ನನ್ನ ಅಣ್ಣತಮ್ಮಂದಿರೇ, ಅಕ್ಕತಂಗಿಯರೇ,



ಭಾನುವಾರದ ಬಲಿಪೂಜೆಯಲ್ಲಿ ವಿಶ್ವಾಸಿಗಳ ಪ್ರಾರ್ಥನೆ ಹೇಳುವಾಗ ನಾವು ಮಳೆಗಾಗಿ ಬೇಡುತ್ತೇವೆ. ಹಾಸಿಗೆ ಹಿಡಿದವರಿಗಾಗಿ ಬೇಡುತ್ತೇವೆ. ಪರೀಕ್ಷೆಗೆ ಕೂತ ಮಕ್ಕಳ ಹೆಸರು ಹೇಳುತ್ತೇವೆ, ಬೆಂಗಳೂರಿಗೆ ಗಾರೆ ಕೆಲಸಕ್ಕೆ ಹೋದವರನ್ನು ನೆನೆಯುತ್ತೇವೆ. ಜೈಲಿನಲ್ಲಿರುವವರ ಹೆಸರು ಮಾತ್ರ ಯಾರ ಬಾಯಲ್ಲೂ ಬರುವುದಿಲ್ಲ. ಅಂಥವರು ನಮ್ಮಲ್ಲಿ ಇಲ್ಲವೆಂದಲ್ಲ. ಯಾರ ಮಗ ರೆಡ್ಡಿಪಲ್ಲಿ ಜೈಲಿನಲ್ಲಿದ್ದಾನೆ, ಯಾರ ಅಳಿಯ ಪರಪ್ಪನ ಅಗ್ರಹಾರದಲ್ಲಿದ್ದಾನೆ ಅನ್ನುವುದು ಊರಿಗೆಲ್ಲ ಗೊತ್ತು. ಕಟ್ಟೆಯ ಮೇಲೆ ಕೂತು ಅದನ್ನೇ ಮಾತಾಡುತ್ತೇವೆ, ದೇವಾಲಯದ ಒಳಗೆ ಬಂದ ಕೂಡಲೇ ಸುಮ್ಮನಾಗುತ್ತೇವೆ. ಆ ಮೌನ ನನಗೆ ಸಹಿಸಲಾಗದ್ದರಿಂದ ಈ ಪತ್ರ.

ಮತ್ತಾಯನ ಶುಭಸಂದೇಶದ 25ನೇ ಅಧ್ಯಾಯ ನಿಮಗೆಲ್ಲ ಗೊತ್ತಿರುವುದೇ. ಕೊನೆಯ ದಿನ ಪ್ರಭು ಏನು ವಿಚಾರಿಸುತ್ತಾರೆ ಅನ್ನುವುದು ಅಲ್ಲಿದೆ: ಹಸಿದವನಿಗೆ ಊಟ, ಬಾಯಾರಿದವನಿಗೆ ನೀರು, ಪರದೇಶಿಗೆ ಆಸರೆ, ಬಟ್ಟೆಯಿಲ್ಲದವನಿಗೆ ಬಟ್ಟೆ, ಕಾಯಿಲೆಯವನಿಗೆ ಆರೈಕೆ, ಕಡೆಗೆ ಸೆರೆಯಲ್ಲಿದ್ದವನ ಭೇಟಿ. ಮೊದಲ ಐದನ್ನು ನಾವು ಕೈಲಾದಮಟ್ಟಿಗೆ ಮಾಡುತ್ತಲೇ ಬಂದಿದ್ದೇವೆ. 1969ರಲ್ಲಿ ಅನಂತಪುರಕ್ಕೆ ಬಂದ ವಿನ್ಸೆಂಟ್ ಫೆರರ್ ಅವರ ಆಸ್ಪತ್ರೆ, ಶಾಲೆ, ಮನೆಗಳನ್ನು ಕಂಡ ಜಿಲ್ಲೆ ನಮ್ಮದು. ಅವರು ಏಸುಸಭೆಯನ್ನು ಬಿಟ್ಟ ಮೇಲೂ ಜನ ಕೊನೆತನಕ ಫಾದರ್ ಎಂದೇ ಕರೆದರು. ಸೇವೆ ಎಂದರೇನು ಎಂದು ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಆದರೆ ಆರನೆಯದರ ಹತ್ತಿರ ಬಂದಾಗ ನಮ್ಮ ಕಾಲು ಹಿಂದೆಗೆಯುತ್ತದೆ. ಪ್ರಭು ಅಲ್ಲಿ ತಪ್ಪು ಮಾಡದೆ ಜೈಲಿಗೆ ಹೋದವನು, ತಪ್ಪು ಮಾಡಿ ಹೋದವನು ಎಂದು ಬೇರ್ಪಡಿಸಲಿಲ್ಲ. ಸೆರೆಯಲ್ಲಿದ್ದವನು ನಾನೇ ಎಂದರು, ಅಷ್ಟೇ. ಅವರೂ ಒಂದು ರಾತ್ರಿ ಬಂಧನವಾಗಿ, ಬೆಳಗಾಗುವುದರೊಳಗೆ ಅಲ್ಲಿಂದಿಲ್ಲಿಗೆ ಎಳೆದಾಡಿಸಿಕೊಂಡು, ಪಿಲಾತನ ಎದುರು ನಿಂತವರು. ಅವರ ಕಡೆಯಿಂದ ಮಾತಾಡಲು ಅವತ್ತು ಒಬ್ಬರೂ ಬರಲಿಲ್ಲ. ಸ್ವರ್ಗದ ಭರವಸೆಯನ್ನು ಅವರ ಬಾಯಿಂದಲೇ ಕೇಳಿಸಿಕೊಂಡವನು ಪಕ್ಕದ ಶಿಲುಬೆಯ ಮೇಲಿದ್ದ ಕಳ್ಳ. ಸಂತ ಪೌಲರ ಎಷ್ಟೋ ಪತ್ರಗಳು ಸೆರೆಮನೆಯಲ್ಲೇ ಹುಟ್ಟಿದವು. ಇಂಥ ಧರ್ಮದಲ್ಲಿ ಹುಟ್ಟಿ ಬೆಳೆದ ನಾವು ಜೈಲು ಅಂದರೆ ಮುಖ ತಿರುಗಿಸುವುದು ಸರಿಯಲ್ಲ.

ನಮ್ಮ ದೇಶದಲ್ಲಿ ಈ ಸೇವೆಗೆ ಒಂದು ರೂಪ ಬಂದದ್ದು 1980ರ ದಶಕದಲ್ಲಿ, ಕೇರಳದಲ್ಲಿ. ವರ್ಗೀಸ್ ಕರಿಪ್ಪೇರಿ ಮತ್ತು ಫ್ರಾನ್ಸಿಸ್ ಕೋಡಿಯನ್ ಗುರುಪಟ್ಟಕ್ಕೆ ಓದುತ್ತಿದ್ದಾಗಲೇ ಖೈದಿಗಳನ್ನು ನೋಡಲು ಹೋಗತೊಡಗಿದರು. ಅದೇ ಬೆಳೆದು ಪ್ರಿಸನ್ ಮಿನಿಸ್ಟ್ರಿ ಇಂಡಿಯಾ ಆಯಿತು. ಅದರ ರಾಷ್ಟ್ರೀಯ ಕಚೇರಿ ಈಗ ಬೆಂಗಳೂರಿನಲ್ಲಿದೆ. ಗುರುಗಳು, ಕನ್ಯಾಸ್ತ್ರೀಯರು, ನಮ್ಮಂಥ ಸಂಸಾರಸ್ಥರು ಸೇರಿ ದೇಶದ ನಾನಾ ಕಡೆ ಜೈಲುಗಳಿಗೆ ಹೋಗುತ್ತಾರೆ. ಬಿಡುಗಡೆಯಾಗಿ ಬಂದವರಿಗೆ, ಖೈದಿಗಳ ಮಕ್ಕಳಿಗೆ ಆಶ್ರಮಗಳನ್ನು ನಡೆಸುತ್ತಾರೆ. ಈ ಸೇವೆಯ ಪಾಲಕ ಸಂತ ಮಾಕ್ಸಿಮಿಲಿಯನ್ ಕೋಲ್ಬೆ. 1941ರಲ್ಲಿ ಆಶ್ವಿಟ್ಜ್ ಸೆರೆಶಿಬಿರದಲ್ಲಿ ಒಬ್ಬ ಖೈದಿ ಕಾಣೆಯಾದದ್ದಕ್ಕೆ ಹತ್ತು ಮಂದಿಯನ್ನು ಉಪವಾಸ ಕೆಡವಿ ಕೊಲ್ಲಲು ಶಿಬಿರದ ಅಧಿಕಾರಿಗಳು ಆರಿಸಿದರು. ಅದರಲ್ಲೊಬ್ಬ, ಫ್ರಾನ್ಸಿಸೆಕ್ ಗಯೋವ್ನಿಚೆಕ್, ಹೆಂಡತಿ ಮಕ್ಕಳನ್ನು ನೆನೆದು ಅತ್ತ. 16670ನೇ ನಂಬರಿನ ಖೈದಿಯಾಗಿದ್ದ ಫಾದರ್ ಕೋಲ್ಬೆ ಸಾಲಿನಿಂದ ಮುಂದೆ ಬಂದು, ಅವನ ಬದಲು ತಾನು ಹೋಗುತ್ತೇನೆಂದರು. ಆಗಸ್ಟ್ 14ರಂದು ಅವರ ಪ್ರಾಣ ಹೋಯಿತು. 1982ರಲ್ಲಿ ಎರಡನೇ ಜಾನ್ ಪೌಲರು ಅವರನ್ನು ಸಂತರೆಂದು ಸಾರಿದಾಗ ಗಯೋವ್ನಿಚೆಕ್ ಆ ಪೂಜೆಯಲ್ಲಿದ್ದ. ಒಬ್ಬನ ಜಾಗದಲ್ಲಿ ಇನ್ನೊಬ್ಬ ನಿಲ್ಲುವುದು: ಈ ಸೇವೆಯ ತಿರುಳು ನನಗೆ ಅದರಲ್ಲೇ ಕಾಣುತ್ತದೆ. ಮುಂದೆ ನಾನು ಕೇಳಲಿರುವುದೂ ಅದನ್ನೇ, ಅದರ ಬಹಳ ಚಿಕ್ಕ ರೂಪದಲ್ಲಿ.

ಜೈಲು ಸೇವೆ ಎಂದರೆ ಕ್ರಿಸ್ಮಸ್ಸಿಗೆ ಕೇಕು ಹಂಚಿ, ಎರಡು ಹಾಡು ಹೇಳಿ, ಫೋಟೊ ಹಿಡಿಸಿಕೊಂಡು ಬರುವುದೆಂದು ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದಾರೆ. ಕೇಕು ಬೇಡವೆನ್ನುತ್ತಿಲ್ಲ. ಒಳಗಿದ್ದವರಿಗೆ ಆ ದಿನವೂ ಬೇಕು. ಆದರೆ ಒಳಗೆ ಇರುವವರು ಯಾರು, ಯಾಕೆ ಇದ್ದಾರೆ ಎಂದು ಮೊದಲು ತಿಳಿಯಬೇಕು. ರಾಷ್ಟ್ರೀಯ ಅಪರಾಧ ದಾಖಲೆ ಬ್ಯೂರೋದ 2022ರ ಲೆಕ್ಕದಲ್ಲಿ ದೇಶದ ಜೈಲುಗಳಲ್ಲಿದ್ದವರು 5,73,220 ಜನ. ಅವರಲ್ಲಿ 4,34,302 ಮಂದಿ ವಿಚಾರಣಾಧೀನ ಖೈದಿಗಳು. ಅಂದರೆ ನೂರಕ್ಕೆ ಎಪ್ಪತ್ತೈದಕ್ಕೂ ಹೆಚ್ಚು ಮಂದಿಯ ಮೇಲೆ ಯಾವ ತೀರ್ಪೂ ಬಂದಿರಲಿಲ್ಲ. ಅವರಲ್ಲಿ ತಪ್ಪು ಮಾಡಿದವರೂ ಇರಬಹುದು, ಮಾಡದವರೂ ಇರಬಹುದು. ಅದನ್ನು ಹೇಳಬೇಕಾದದ್ದು ನ್ಯಾಯಾಲಯ. ನಾವು ಮಾತ್ರ ಪೊಲೀಸ್ ಜೀಪು ಊರಿಗೆ ಬಂದ ದಿನವೇ ತೀರ್ಪು ಕೊಟ್ಟು ಮುಗಿಸಿರುತ್ತೇವೆ.

ಇನ್ನು ಕೆಲವರಿಗೆ ಜಾಮೀನು ಮಂಜೂರಾಗಿಯೂ ಹೊರಗೆ ಬರಲು ಆಗುವುದಿಲ್ಲ. ಕೋರ್ಟು ಬಿಡಲು ಒಪ್ಪಿದೆ, ಕಾಗದ ಬಂದಿದೆ, ಆದರೂ ಜೈಲಿನಲ್ಲೇ ಇದ್ದಾರೆ. ಯಾಕೆಂದರೆ ಶ್ಯೂರಿಟಿಗೆ ಸಹಿ ಹಾಕುವ ಇಬ್ಬರು ಸಿಗಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲುತ್ತೇನೆ, ಏಕೆಂದರೆ ಇದು ನಮ್ಮ ಗಡಿಯ ಜನರಿಗೆ ಬೇರೆಯವರಿಗಿಂತ ಗಟ್ಟಿಯಾಗಿ ತಟ್ಟುವ ವಿಷಯ. ನಮ್ಮ ಹೊಲ ಆಂಧ್ರದಲ್ಲಿ, ನೆಂಟಸ್ತಿಕೆ ಕರ್ನಾಟಕದಲ್ಲಿ. ಸಂತೆ ಒಂದು ಕಡೆ, ಕೂಲಿ ಇನ್ನೊಂದು ಕಡೆ. ಮನೆಯಲ್ಲಿ ಕನ್ನಡ, ಮಂಡಲ ಆಫೀಸಿನಲ್ಲಿ ತೆಲುಗು. ಮಳೆ ಕೈಕೊಟ್ಟ ವರ್ಷ ಕಡ್ಲೆಕಾಯಿ ಹೊಲ ಬಿಟ್ಟು ಅರ್ಧ ಊರು ಬೆಂಗಳೂರಿನ ಬಸ್ಸು ಹತ್ತುತ್ತದೆ. ಆ ಕಡೆ ಪಾವಗಡದಲ್ಲೋ ಚಳ್ಳಕೆರೆಯಲ್ಲೋ ಬೆಂಗಳೂರಿನಲ್ಲೋ ಒಂದು ಹೊಡೆದಾಟಕ್ಕೆ, ಒಂದು ಕಳ್ಳತನದ ಆಪಾದನೆಗೆ ನಮ್ಮ ಹುಡುಗ ಸಿಕ್ಕಿಕೊಂಡ ಎನ್ನಿ. ಅಲ್ಲಿಯ ಕೋರ್ಟಿನಲ್ಲಿ ಶ್ಯೂರಿಟಿಗೆ ಪಹಣಿ ಕೇಳುತ್ತಾರೆ. ನಮ್ಮ ಕೈಲಿರುವುದು ಪಟ್ಟಾದಾರ್ ಪಾಸ್‌ಬುಕ್ಕು. ಅದೂ ತೆಲುಗಿನಲ್ಲಿ. ಈ ಕಡೆ ಹಿಡಿದರೆ ಅದರ ತಿರುವುಮುರುವು. ಕೆಲವು ವರ್ಷಗಳ ಹಿಂದೆ ಆಂಧ್ರದಲ್ಲಿ ಮದ್ಯದ ಬೆಲೆ ಏರಿದಾಗ ಕರ್ನಾಟಕದ ಟೆಟ್ರಾ ಪ್ಯಾಕೆಟ್ಟುಗಳನ್ನು ಬೈಕಿನಲ್ಲಿ ತರುತ್ತಿದ್ದ ಎಷ್ಟು ಹುಡುಗರು ಸಿಕ್ಕಿಬಿದ್ದರು ಅನ್ನುವುದನ್ನು ನಾವೆಲ್ಲ ಕಣ್ಣಾರೆ ಕಂಡಿದ್ದೇವೆ. ಸರಕಿನ ಯಜಮಾನ ಯಾವತ್ತೂ ಬೈಕಿನ ಮೇಲಿರುತ್ತಿರಲಿಲ್ಲ. ಕರ್ನಾಟಕದಿಂದ ಬಂದ ಹುಡುಗ ಇಲ್ಲಿಯ ಜೈಲಿಗೆ ಬಿದ್ದ. ಅವನ ಊರಿನವರು ಗಡಿ ದಾಟಿ ಬಂದು ಸಹಿ ಹಾಕಲು ಹೆದರಿದರು.

1978ರಲ್ಲಿ ಮೋತಿರಾಮ್ ಎಂಬ ಗಾರೆ ಕೆಲಸದವನ ಕೇಸು ಮಧ್ಯಪ್ರದೇಶದಿಂದ ಸುಪ್ರೀಂ ಕೋರ್ಟಿಗೆ ಹೋಗಿತ್ತು. ಹತ್ತು ಸಾವಿರ ರೂಪಾಯಿಯ ಶ್ಯೂರಿಟಿ ಕೇಳಿದ್ದರು. ಒಡಹುಟ್ಟಿದವನೊಬ್ಬ ಮುಂದೆ ಬಂದರೆ, ಅವನ ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂದು ಮ್ಯಾಜಿಸ್ಟ್ರೇಟರು ಒಪ್ಪಲಿಲ್ಲ. ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಆ ತೀರ್ಪಿನಲ್ಲಿ ಒಂದು ಪ್ರಶ್ನೆ ಎತ್ತಿದರು: ಮಲಯಾಳಿ, ಕನ್ನಡಿಗ, ತಮಿಳ, ಆಂಧ್ರದವನು ದೂರದ ಬಸ್ತರಿನಲ್ಲೋ ಪೋರ್ಟ್‌ಬ್ಲೇರಿನಲ್ಲೋ ಬಂಧನವಾದರೆ ಅಲ್ಲಿ ಆಸ್ತಿಯುಳ್ಳ ಶ್ಯೂರಿಟಿಯನ್ನು ಎಲ್ಲಿಂದ ತಂದಾನು? ಮೋತಿರಾಮನನ್ನು ಅವನ ಸ್ವಂತ ಮುಚ್ಚಳಿಕೆಯ ಮೇಲೆ ಬಿಡಿಸಿದರು. 2023ರ ಜನವರಿ 31ರಂದು ಸುಪ್ರೀಂ ಕೋರ್ಟು ಮತ್ತೆ ಇದೇ ವಿಷಯದಲ್ಲಿ ಮಾರ್ಗಸೂಚಿ ಕೊಟ್ಟಿತು. ಜಾಮೀನು ಸಿಕ್ಕಿ ಏಳು ದಿನದೊಳಗೆ ಬಿಡುಗಡೆ ಆಗದಿದ್ದರೆ ಜೈಲು ಸೂಪರಿಂಟೆಂಡೆಂಟರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ತಿಳಿಸಬೇಕು. ಸ್ಥಳೀಯ ಶ್ಯೂರಿಟಿಯೇ ಬೇಕೆಂಬ ಹಟದಿಂದ ಬಿಡುಗಡೆ ತಡವಾಗುತ್ತಿದ್ದರೆ ಅಂಥ ಷರತ್ತು ಹಾಕದಿರಬಹುದೆಂದು ಸೂಚಿಸಿತು. ಅದೇ ವರ್ಷ ಕೇಂದ್ರ ಸರ್ಕಾರ ಬಡ ಖೈದಿಗಳಿಗೊಂದು ಯೋಜನೆ ತಂದಿತು. ಜಾಮೀನಿನ ಹಣ ಕಟ್ಟಲಾರದ ವಿಚಾರಣಾಧೀನ ಖೈದಿಗೆ 40,000 ರೂಪಾಯಿ ತನಕ, ದಂಡ ಕಟ್ಟಲಾರದ ಶಿಕ್ಷಿತನಿಗೆ 25,000 ರೂಪಾಯಿ ತನಕ ನೆರವೆಂದು ಆಗ ಗೊತ್ತುಮಾಡಿದರು. ಭಯೋತ್ಪಾದನೆ, ಮಾದಕ ವಸ್ತುವಿನಂಥ ಕೆಲವು ಕೇಸುಗಳಿಗೆ ಇದು ಅನ್ವಯಿಸುವುದಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 479ನೇ ಕಲಮಿನಲ್ಲಿ, ಹಿಂದೆಂದೂ ಶಿಕ್ಷೆಯಾಗದವನು ತನ್ನ ಮೇಲಿನ ಆಪಾದನೆಗಿರುವ ಗರಿಷ್ಠ ಶಿಕ್ಷೆಯ ಮೂರನೇ ಒಂದು ಭಾಗವನ್ನು ಒಳಗೇ ಕಳೆದಿದ್ದರೆ ಮುಚ್ಚಳಿಕೆಯ ಮೇಲೆ ಬಿಡಬೇಕೆಂದಿದೆ. ಮರಣದಂಡನೆ, ಜೀವಾವಧಿಯ ಅಪರಾಧಗಳಿಗೆ ಇದಿಲ್ಲ, ಬೇರೆ ಕೇಸುಗಳೂ ನಡೆಯುತ್ತಿದ್ದರೆ ಇಲ್ಲ. ಬಂಧನದಲ್ಲಿರುವ ಯಾರಿಗೇ ಆಗಲಿ, ಆದಾಯ ಎಷ್ಟೇ ಇರಲಿ, ವಕೀಲರು ಉಚಿತ.

ಇಷ್ಟೆಲ್ಲ ಇದ್ದೂ ಅವರು ಒಳಗೇ ಯಾಕಿದ್ದಾರೆ? ಅರ್ಜಿ ಬರೆಯುವವರಿಲ್ಲ. ಪ್ರಾಧಿಕಾರದ ಕಚೇರಿಗೆ ಹೋಗಿ ಕೂರುವವರಿಲ್ಲ. ಹೆಂಡತಿಗೆ ಓದು ಬಾರದು, ತಮ್ಮ ಇನ್ನೂ ಹುಡುಗ, ಅಪ್ಪನಿಗೆ ಕೋರ್ಟಿನ ಮೆಟ್ಟಿಲು ಹತ್ತುವುದೇ ಅವಮಾನ. ಕಾನೂನು ತೆರೆದ ಬಾಗಿಲಿನಿಂದ ಅವನನ್ನು ಕೈಹಿಡಿದು ಕರೆತರುವ ಒಬ್ಬ ಮನುಷ್ಯ ಬೇಕು.

ಆ ಮನುಷ್ಯ ಕಥೋಲಿಕನೇ ಯಾಕಾಗಬೇಕು, ಇದು ವಕೀಲರ ಕೆಲಸವಲ್ಲವೇ ಎಂದು ನಿಮ್ಮಲ್ಲಿ ಕೆಲವರು ಕೇಳಿದ್ದೀರಿ. ಆತ್ಮದ ವಿಷಯಕ್ಕೂ ಜಾಮೀನಿಗೂ ಏನು ಸಂಬಂಧ ಎಂದೂ ಕೇಳಿದ್ದೀರಿ. ಉತ್ತರಕ್ಕೆ, ಗುರುಗಳ ಜೊತೆ ಜೈಲಿಗೆ ಹೋದಾಗ ಒಳಗೆ ಕಂಡದ್ದನ್ನೇ ಹೇಳುತ್ತೇನೆ.

ಒಂದು ಪ್ರಾರ್ಥನಾಕೂಟ. ಉದ್ದನೆಯ ಕೋಣೆ, ನೆಲದ ಮೇಲೆ ಜಮಖಾನೆ, ಮೇಲೆ ಸದ್ದು ಮಾಡುತ್ತಾ ತಿರುಗುವ ಫ್ಯಾನು. ಕೂತವರಲ್ಲಿ ಕ್ರೈಸ್ತರು ಬೆರಳೆಣಿಕೆ. ಉಳಿದವರು ಹಿಂದೂಗಳು, ಮುಸ್ಲಿಮರು. ಹೊರಗಿನ ಮುಖ ನೋಡಬಹುದೆಂದೇ ಬಂದವರು ಅವರಲ್ಲಿದ್ದಾರೆ. ಸಿಸ್ಟರ್ ತೆಲುಗಿನಲ್ಲಿ ಒಂದು ಹಾಡು ಹೇಳಿಸಿದರು, ಗುರುಗಳು ಕಳೆದುಹೋದ ಕುರಿಯ ಸಾಮತಿಯನ್ನು ಓದಿ ನಾಲ್ಕು ಮಾತಾಡಿದರು. ಗೋಡೆಗೆ ಒರಗಿ ಕೂತ ನಮ್ಮ ಗಡಿ ಕಡೆಯ ಒಬ್ಬ ನಡುವಯಸ್ಸಿನವನು ಕೊನೆತನಕ ತಲೆ ಎತ್ತಲಿಲ್ಲ. ಮುಗಿದ ಮೇಲೆ ಹತ್ತಿರ ಹೋಗಿ, ಯಾವೂರಣ್ಣ ನಿಮ್ಮದು ಎಂದು ಕನ್ನಡದಲ್ಲಿ ಕೇಳಿದೆ. ಅವನು ನನ್ನ ಕೈ ಹಿಡಿದವನು ಬಿಡಲಿಲ್ಲ. ದೇವರ ಬಗ್ಗೆ ಏನೂ ಕೇಳಲಿಲ್ಲ, ಕೇಸಿನ ಬಗ್ಗೆಯೂ ಕೇಳಲಿಲ್ಲ. ಮಳೆ ಬಂತಾ, ಬಿತ್ತನೆ ಆಯ್ತಾ, ನಮ್ ಕಡೆ ಕೆರೆಗೆ ನೀರು ಬಂತಾ ಎಂದಷ್ಟೇ ಕೇಳಿದ. ಉತ್ತರ ಹೇಳುತ್ತಿದ್ದಂತೆ ಅವನ ಕಣ್ಣಲ್ಲಿ ನೀರು. ತಿಂಗಳುಗಟ್ಟಲೆ ಯಾರೂ ನೋಡಲು ಬಂದಿರಲಿಲ್ಲವಂತೆ. ಇನ್ನೊಮ್ಮೆ ಜೀವಾವಧಿ ಶಿಕ್ಷೆಯ ಒಬ್ಬ ಹಿರಿಯರು ಗುರುಗಳ ಬಳಿ ಬಂದು, ನಮ್ಮ ಮನೆಯವರ ಹೆಸರಲ್ಲಿ ಬೇಡ, ನನ್ನ ಕೈಯಿಂದ ಸತ್ತವನ ಹೆಸರಲ್ಲಿ ಒಂದು ಪೂಜೆ ಕೊಡಿ ಸ್ವಾಮಿ ಎಂದು ಕೇಳಿದರು. ಅವರು ಕ್ರೈಸ್ತರೂ ಅಲ್ಲ. ಗುರುಗಳು ಮರುದಿನವೇ ಆ ಪೂಜೆ ಅರ್ಪಿಸಿದರು.

ನಾನು ತಿಳಿದಮಟ್ಟಿಗೆ ಜೈಲಿನಲ್ಲಿ ಆತ್ಮಕ್ಕೆ ಬೇಕಾದದ್ದು ಇದೇ. ತನ್ನನ್ನು ಇನ್ನೂ ಮನುಷ್ಯ ಎಂದು ಕಾಣುವವರು ಒಬ್ಬರಿದ್ದಾರೆ ಎಂಬ ಖಾತ್ರಿ. ಅದಿಲ್ಲದೆ ಪಶ್ಚಾತ್ತಾಪ ಬರುವುದಿಲ್ಲ, ಬಂದರೂ ನಿಲ್ಲುವುದಿಲ್ಲ. ಪಾಪನಿವೇದನೆ ಕೇಳುವ ಗುರುವೂ ಬೇಕು, ಮಳೆಯ ಸುದ್ದಿ ಹೇಳುವ ಊರವನೂ ಬೇಕು. ಯಾರೂ ಬರುವುದಿಲ್ಲ ಎಂದು ಮನಸ್ಸು ಗಟ್ಟಿಮಾಡಿಕೊಂಡವನಿಗೆ ನೀನು ದೇವರ ಮಗ ಎಂದು ಎಷ್ಟು ಸಲ ಹೇಳಿದರೂ ಅದು ಬರೀ ಮಾತು. ಊರಿನ ಇಬ್ಬರು ಬಂದು ಅವನ ಹೆಸರಿನ ಕಾಗದದ ಮೇಲೆ ತಮ್ಮ ಹೊಲವನ್ನು ಇಟ್ಟು ಸಹಿ ಹಾಕಿದ ದಿನ ಆ ಮಾತಿಗೆ ಜೀವ ಬರುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ಜಾಮೀನು ಪ್ರಾರ್ಥನೆಯಿಂದ ಬೇರೆಯ ಕೆಲಸವಲ್ಲ.

ಜೈಲಿನ ಆಚೆ ಇರುವ ಮನೆಯನ್ನೂ ನೋಡಿ. ನಮ್ಮ ಸೀಮೆಯ ಒಬ್ಬ ಹೆಣ್ಣುಮಗಳು ಗಂಡನ ಮುಲಾಕಾತಿಗೆ ಹೋಗುವ ದಿನ ಹೊತ್ತು ಮೂಡುವ ಮುಂಚೆ ಹೊರಡುತ್ತಾಳೆ. ಕಲ್ಯಾಣದುರ್ಗಕ್ಕೆ ಒಂದು ಬಸ್ಸು, ಅಲ್ಲಿಂದ ಅನಂತಪುರಕ್ಕೆ ಇನ್ನೊಂದು, ಆಮೇಲೆ ಬುಕ್ಕರಾಯಸಮುದ್ರದ ಕಡೆ ರೆಡ್ಡಿಪಲ್ಲಿಗೆ ಆಟೋ. ಆಧಾರ್ ಕಾರ್ಡು ತೋರಿಸಿ, ಹೆಸರು ಬರೆಸಿ, ನೆರಳು ಹುಡುಕಿ ಕೂರಬೇಕು. ಕೂಗಿದಾಗ ಎದ್ದು ಹೋದರೆ ನಡುವೆ ಜಾಲರಿ. ಅಕ್ಕಪಕ್ಕದವರೆಲ್ಲ ಒಟ್ಟಿಗೆ ಮಾತಾಡುವುದರಿಂದ ಗಂಟಲೇರಿಸಬೇಕು. ಬಡ್ಡಿಯವನು ಬಂದದ್ದು, ಅತ್ತೆಗೆ ಹುಷಾರಿಲ್ಲದ್ದು, ಮಗಳು ಶಾಲೆ ಬಿಡುತ್ತೇನೆನ್ನುವುದು, ಇದನ್ನೆಲ್ಲ ಹತ್ತು ಜನರ ಕಿವಿಗೆ ಬೀಳುವಂತೆ ಹೇಳುವುದು ಹೇಗೆ? ಚೆನ್ನಾಗಿದ್ದೀವಿ ಎಂದು ಹೇಳಿ, ಮಗುವನ್ನು ಜಾಲರಿಗೆ ಹತ್ತಿರ ಎತ್ತಿ ತೋರಿಸಿ, ಹೊತ್ತಾಯಿತು ಎನ್ನಿಸಿಕೊಂಡು ಹೊರಗೆ ಬರುತ್ತಾಳೆ. ಅವತ್ತಿನ ಕೂಲಿ ಹೋಯಿತು, ಬಸ್ಸಿನ ಚಾರ್ಜು ಹೋಯಿತು. ಊರಿಗೆ ಬಂದರೆ ಕಡ್ಲೆಕಾಯಿ ಬಿಡಿಸಲು ಎಲ್ಲರನ್ನೂ ಕರೆದವರು ಇವಳನ್ನು ಕರೆಯುವುದಿಲ್ಲ. ದೇವಾಲಯದಲ್ಲಿ ಮೊದಲು ಹೆಂಗಸರ ಸಾಲಿನ ನಡುವೆ ಕೂರುತ್ತಿದ್ದವಳು ಈಗ ಚಪ್ಪಲಿ ಬಿಡುವ ಜಾಗದ ಹತ್ತಿರ ಕೂರುತ್ತಾಳೆ. ಪರಮಪ್ರಸಾದಕ್ಕೆ ಎದ್ದು ಬರುವುದನ್ನೂ ಬಿಟ್ಟಿದ್ದಾಳೆ. ಅವಳೇನು ಪಾಪ ಮಾಡಿದಳು? ಆ ಮಕ್ಕಳೇನು ಮಾಡಿದವು? ಗಂಡನಿಗೆ ಶಿಕ್ಷೆ ಕೊಡುವುದು ನ್ಯಾಯಾಧೀಶರ ಕೈಲಿದೆ, ಹೆಂಡತಿ ಮಕ್ಕಳಿಗೆ ಕೊಡುತ್ತಿರುವವರು ನಾವು.

ಸತ್ತವರ ಮನೆಯವರ ಗತಿಯೇನು, ದೋಚಿಸಿಕೊಂಡವರ ಗತಿಯೇನು, ಅವರ ಬಗ್ಗೆ ನಿಮಗೆ ಕರುಣೆಯಿಲ್ಲವೇ ಎಂಬ ಮಾತೂ ಬಂದಿದೆ. ನ್ಯಾಯವಾದ ಮಾತು. ಅಂಥ ಮನೆಗಳಿಗೂ ಹೋಗಬೇಕು, ಸಾಧ್ಯವಾದರೆ ಮೊದಲು ಅಲ್ಲಿಗೇ ಹೋಗಬೇಕು. ಅವರ ನೋವನ್ನು ಪಕ್ಕಕ್ಕಿಟ್ಟು ಕ್ಷಮೆಯ ಬೋಧನೆ ಮಾಡುವ ಹಕ್ಕು ನಮಗ್ಯಾರಿಗೂ ಇಲ್ಲ. ಆದರೆ ಕ್ಷಮೆ ಎಂಬುದು ಬರೀ ಪುಸ್ತಕದ ಮಾತಲ್ಲ ಎಂಬುದಕ್ಕೆ ನಮ್ಮ ದೇಶದಲ್ಲೇ, ನಮ್ಮ ಕಾಲದಲ್ಲೇ ಸಾಕ್ಷಿಯಿದೆ. ಸಿಸ್ಟರ್ ರಾಣಿ ಮರಿಯಾ ಕೇರಳದ ಪುಲ್ಲುವಳಿಯವರು. ಮಧ್ಯಪ್ರದೇಶದ ಉದಯನಗರದ ಕಡೆ ಆದಿವಾಸಿಗಳನ್ನು ಸಾಲದ ಹಿಡಿತದಿಂದ ಬಿಡಿಸುತ್ತಿದ್ದರು. ಅದರಿಂದ ಸಿಟ್ಟಾದವರು ಸಮಂದರ್ ಸಿಂಗ್ ಎಂಬವನನ್ನು ಛೂಬಿಟ್ಟರು. 1995ರ ಫೆಬ್ರವರಿ 25ರಂದು ಇಂದೋರಿಗೆ ಹೊರಟಿದ್ದ ಬಸ್ಸಿನಲ್ಲಿ ಎಲ್ಲರೆದುರೇ ಅವನು ಅವರನ್ನು ಇರಿದು ಕೊಂದ. ಜೀವಾವಧಿಯಾಯಿತು. ಜೈಲಿನಲ್ಲಿ ಅವನು ಸೇಡಿನ ಲೆಕ್ಕ ಹಾಕುತ್ತಿದ್ದನಂತೆ. ಸ್ವಾಮಿ ಸದಾನಂದ ಎಂದು ಹೆಸರಾದ ಕಥೋಲಿಕ ಗುರುಗಳು ಅವನನ್ನು ಬಿಡದೆ ನೋಡಲು ಹೋದರು. 2002ರ ಆಗಸ್ಟಿನಲ್ಲಿ ರಾಣಿ ಮರಿಯಾರ ಒಡಹುಟ್ಟಿದ ತಂಗಿ, ಸಿಸ್ಟರ್ ಸೆಲ್ಮಿ ಪೌಲ್, ಜೈಲಿಗೇ ಹೋಗಿ ಅವನ ಕೈಗೆ ರಾಖಿ ಕಟ್ಟಿದರು. ಅಕ್ಕನನ್ನು ಕೊಂದ ಕೈಗೆ. ಮುಂದೆ ಅವರ ತಾಯಿಯೂ ಆ ಕೈಗಳಿಗೆ ಮುತ್ತಿಟ್ಟರು. ಅವನ ಬಿಡುಗಡೆಗೆ ಕುಟುಂಬವೇ ಅರ್ಜಿ ಹಾಕಿತು. 2006ರಲ್ಲಿ ಹೊರಬಂದ ಅವನು ಬದಲಾದ ಮನುಷ್ಯನಾಗಿ ಹೊಲ ಮಾಡಿಕೊಂಡು ಬದುಕಿದ. 2017ರ ನವೆಂಬರ್ 4ರಂದು ಇಂದೋರಿನಲ್ಲಿ ರಾಣಿ ಮರಿಯಾರನ್ನು ಪುನೀತರೆಂದು ಸಾರಿದಾಗ ಜನರ ನಡುವೆ ಅವನೂ ಇದ್ದ. ಈ ಕಥೆಯಲ್ಲಿ ನನ್ನ ಮನಸ್ಸು ಮತ್ತೆಮತ್ತೆ ಹೋಗುವುದು ರಾಖಿಯ ದಿನಕ್ಕಲ್ಲ, ಅದಕ್ಕಿಂತ ಹಿಂದಿನ ವರ್ಷಗಳಿಗೆ. ಒಬ್ಬ ಗುರು ಏನೂ ಫಲ ಕಾಣದೆ ಜೈಲಿಗೆ ಹೋಗುತ್ತಲೇ ಇದ್ದರಲ್ಲ, ಆ ವರ್ಷಗಳಿಗೆ.

ಫಾದರ್ ಸ್ಟ್ಯಾನ್ ಸ್ವಾಮಿಯವರನ್ನೂ ಇಲ್ಲಿ ನೆನೆಯಲೇಬೇಕು. 1975ರಿಂದ 1986ರವರೆಗೆ ಬೆಂಗಳೂರಿನ ಇಂಡಿಯನ್ ಸೋಷಿಯಲ್ ಇನ್‌ಸ್ಟಿಟ್ಯೂಟಿನ ನಿರ್ದೇಶಕರಾಗಿದ್ದವರು. ಆಮೇಲೆ ಝಾರ್ಖಂಡಿಗೆ ಹೋಗಿ, ಅಲ್ಲಿಯ ಜೈಲುಗಳಲ್ಲಿ ವಿಚಾರಣೆಯಿಲ್ಲದೆ ಕೊಳೆಯುತ್ತಿದ್ದ ಆದಿವಾಸಿ ಹುಡುಗರ ಪರ ಹೈಕೋರ್ಟಿಗೆ ಹೋದರು. 2020ರ ಅಕ್ಟೋಬರ್ 8ರಂದು ಅವರನ್ನೇ ಬಂಧಿಸಿದರು. ಎಂಬತ್ತು ದಾಟಿದ ವಯಸ್ಸು, ಕೈ ನಡುಗುವ ಪಾರ್ಕಿನ್‌ಸನ್ ಕಾಯಿಲೆ. ನೀರು ಕುಡಿಯಲು ಸಿಪ್ಪರ್ ಬೇಕೆಂದು ಕೋರ್ಟಿಗೆ ಅರ್ಜಿ ಹಾಕಬೇಕಾಯಿತು. ಜಾಮೀನು ಸಿಗದೆ, ಆಪಾದನೆ ಸಾಬೀತಾಗದೆ, 2021ರ ಜುಲೈ 5ರಂದು ಮುಂಬೈಯ ಆಸ್ಪತ್ರೆಯಲ್ಲಿ ತೀರಿಕೊಂಡರು. ತಲೋಜಾ ಜೈಲಿನಿಂದ ಅವರು ಬರೆದ ಪತ್ರದಲ್ಲಿ ತನಗೆ ಊಟ ಮಾಡಿಸಿದ, ಸ್ನಾನಕ್ಕೆ ನೆರವಾದ, ಬಟ್ಟೆ ಒಗೆದುಕೊಟ್ಟ, ಮೊಣಕಾಲು ನೀವಿದ ಜೊತೆ ಖೈದಿಗಳನ್ನು ನೆನೆದಿದ್ದಾರೆ. ಅವರಲ್ಲಿ ಕಡುಬಡವರ ಮನೆಯ ಹುಡುಗರೂ ಇದ್ದರು. ಗುರುಗಳಿಗೆ ಅಲ್ಲಿ ಸೇವೆ ಮಾಡಿದವರು ಖೈದಿಗಳು. ಒಳಗೆ ಇರುವವರೆಲ್ಲ ಕೆಟ್ಟವರು ಎನ್ನುವವರಿಗೆ ನನ್ನ ಹತ್ತಿರ ಇದಕ್ಕಿಂತ ದೊಡ್ಡ ಉತ್ತರವಿಲ್ಲ.

ಜೈಲಿಗೆ ಹೋಗಲು ಹಿಂಜರಿಯುವವರು ಪೋಪ್ ಫ್ರಾನ್ಸಿಸರನ್ನು ನೆನೆಯಿರಿ. ಅವರು 2013ರಲ್ಲಿ ಪಟ್ಟಕ್ಕೆ ಬಂದ ಕೆಲವೇ ದಿನಗಳಲ್ಲಿ ಪವಿತ್ರ ಗುರುವಾರದ ಪಾದಕ್ಷಾಳನವನ್ನು ರೋಮಿನ ಬಾಲಾಪರಾಧಿಗಳ ಜೈಲಿಗೆ ಒಯ್ದರು. ಅವತ್ತು ಅವರು ತೊಳೆದ ಪಾದಗಳಲ್ಲಿ ಹೆಣ್ಣುಮಕ್ಕಳದೂ ಇದ್ದವು, ಮುಸ್ಲಿಮರದೂ ಇದ್ದವು. 2024ರ ಡಿಸೆಂಬರ್ 26ರಂದು ಜ್ಯೂಬಿಲಿಯ ಒಂದು ಪವಿತ್ರ ದ್ವಾರವನ್ನು ರೆಬಿಬ್ಬಿಯಾ ಜೈಲಿನಲ್ಲಿ ತೆರೆದರು. 2025ರ ಏಪ್ರಿಲ್ 17ರಂದು, ತೀರಿಕೊಳ್ಳುವುದಕ್ಕೆ ನಾಲ್ಕು ದಿನ ಮುಂಚೆ, ಕಾಲು ತೊಳೆಯುವ ಶಕ್ತಿಯಿಲ್ಲದಿದ್ದರೂ ರೆಜಿನಾ ಚೇಲಿ ಜೈಲಿಗೆ ಹೋಗಿ ಖೈದಿಗಳ ನಡುವೆ ಕೂತು ಬಂದರು.

ಮತಾಂತರದ ಮಾತು ಬರುತ್ತದೆಂದು ಹೆದರುವವರು ನಮ್ಮಲ್ಲಿದ್ದಾರೆ. ಹೆದರಿಕೆಗೆ ಕಾರಣವಿಲ್ಲವೆಂದು ನಾನು ಹೇಳುವುದಿಲ್ಲ, ಕಾಲ ಹಾಗಿದೆ. ಅದಕ್ಕೇ ನಡೆ ಚೊಕ್ಕವಾಗಿರಬೇಕು. ಅನುಮತಿಯಿಲ್ಲದೆ ಒಳಗೆ ಹೋಗಬಾರದು. ಫೋನಾಗಲಿ ಚೀಟಿಯಾಗಲಿ ದುಡ್ಡಾಗಲಿ ಒಳಗೆ ಒಯ್ಯಬಾರದು, ಯಾರ ಫೋಟೊವನ್ನೂ ತೆಗೆಯಬಾರದು. ಕೇಸಿನ ವಿವರ ಕೆದಕಬಾರದು, ಬಿಡಿಸುತ್ತೇವೆಂದು ಸುಳ್ಳು ಭರವಸೆ ಕೊಡಬಾರದು. ಯಾವ ಧರ್ಮದವನೇ ಆಗಲಿ ಅವನ ಧರ್ಮದಲ್ಲೇ ಅವನನ್ನು ಗೌರವಿಸಬೇಕು. ಶಬರಿಮಲೆಗೆ ಮಾಲೆ ಹಾಕಿಕೊಳ್ಳುತ್ತಿದ್ದವನು ಆ ವ್ರತದ ದಿನಗಳನ್ನು ನೆನೆದು ಅತ್ತರೆ ಆ ದುಃಖವನ್ನು ಕೇಳಿಸಿಕೊಳ್ಳಬೇಕು, ರೋಜಾ ಇಟ್ಟವನ ಎದುರು ಬಿಸ್ಕತ್ತು ಹಂಚಬಾರದು. ಹೀಗೆ ನಡೆದುಕೊಂಡರೆ ಅಧಿಕಾರಿಗಳೇ ನಮ್ಮನ್ನು ನಂಬುತ್ತಾರೆ. ಖೈದಿಗಳಿಗೆ ಒಳ್ಳೆಯದು ಮಾಡಬೇಕೆಂಬ ಮನಸ್ಸು ನಮ್ಮವರಿಗಷ್ಟೇ ಇದೆಯೆಂದೂ ಭಾವಿಸಬೇಡಿ. ಮೈಸೂರಿನ ರಂಗಕರ್ಮಿ ಹುಲುಗಪ್ಪ ಕಟ್ಟಿಮನಿಯವರು ಕರ್ನಾಟಕದ ಜೈಲುಗಳಲ್ಲಿ ಖೈದಿಗಳಿಂದ ನಾಟಕ ಆಡಿಸಿ ಅವರನ್ನು ರಂಗಮಂದಿರಗಳ ತನಕ ಕರೆತಂದರು. ನಮ್ಮ ಅನಂತಪುರದಲ್ಲೇ ನಡತೆ ಚೆನ್ನಾಗಿರುವ ಶಿಕ್ಷಿತರು ಬಯಲಲ್ಲಿ ಬೇಸಾಯ ಮಾಡುವ ಬಯಲು ಬಂದೀಖಾನೆ ದಶಕಗಳಿಂದ ಇದೆ. ನಂಬಿಕೆ ಇಟ್ಟರೆ ಓಡಿಹೋಗುವುದಿಲ್ಲ ಎಂದು ಅದನ್ನು ನಡೆಸುವ ಸರ್ಕಾರವೇ ಒಪ್ಪಿದೆ. ಊರಿನ ನಾವು ಯಾಕೆ ಒಪ್ಪಬಾರದು?

ಈಗ ನಾನು ನಿಮ್ಮಿಂದ ಬೇಡುವುದಿಷ್ಟು. ನಮ್ಮ ಕರ್ನೂಲು ಧರ್ಮಪ್ರಾಂತ್ಯದ ಈ ಮೂಲೆಯಲ್ಲಿ ನಮ್ಮ ಸಂಖ್ಯೆ ದೊಡ್ಡದಲ್ಲ, ದುಡ್ಡೂ ಇಲ್ಲ. ಆದರೆ ಪಟ್ಟಾದಾರ್ ಪಾಸ್‌ಬುಕ್ ಇರುವವರು ಪ್ರತಿ ಊರಿನಲ್ಲೂ ಇದ್ದೀರಿ. ಗಡಿಯ ಆ ಕಡೆ ಪಹಣಿ ಇರುವ ನೆಂಟರೂ ನಿಮಗಿದ್ದಾರೆ. ಶ್ಯೂರಿಟಿಗೆ ನಿಲ್ಲುವುದರಲ್ಲಿ ಅಪಾಯವಿಲ್ಲವೆಂದು ಹೇಳಲಾರೆ. ಆರೋಪಿ ವಾಯಿದೆಗೆ ಹಾಜರಾಗದಿದ್ದರೆ ಬಾಂಡಿನ ಹಣ ನಿಮ್ಮ ತಲೆಗೆ ಬರುತ್ತದೆ. ಹಾಗಾಗಿ ಒಬ್ಬೊಬ್ಬರೇ ನಿಲ್ಲಬೇಡಿ. ಪ್ರತಿ ಧರ್ಮಕೇಂದ್ರದಲ್ಲಿ ಐದಾರು ಜನರ ಒಂದು ಗುಂಪು ಇರಲಿ. ಯಾರಿಗೆ ನಿಲ್ಲಬೇಕು, ಯಾರಿಗೆ ಆಗದು ಎನ್ನುವುದನ್ನು ವಕೀಲರನ್ನೂ ಮನೆಯವರನ್ನೂ ಕೇಳಿ ಗುಂಪೇ ತೀರ್ಮಾನಿಸಲಿ. ಬಿಡುಗಡೆಯಾದವನನ್ನು ಪ್ರತಿ ವಾಯಿದೆಗೂ ಕೋರ್ಟಿಗೆ ಕರೆದೊಯ್ಯುವ ಹೊಣೆಯನ್ನು ಒಬ್ಬರು ಹೊರಲಿ, ಏನಾದರೂ ನಷ್ಟವಾದರೆ ಎಲ್ಲರೂ ಹಂಚಿಕೊಳ್ಳಲಿ. ಓದಿದ ಹುಡುಗ ಹುಡುಗಿಯರು ಕಾನೂನು ಸೇವಾ ಪ್ರಾಧಿಕಾರಕ್ಕೆ ಅರ್ಜಿ ಬರೆದುಕೊಡಿ. 15100 ಸಂಖ್ಯೆಗೆ ಫೋನು ಮಾಡಿದರೂ ದಾರಿ ತೋರಿಸುತ್ತಾರೆ. ತೆಲುಗು ಕನ್ನಡ ಎರಡೂ ಬಲ್ಲವರು ಗುರುಗಳ ಜೊತೆ ಹಿಂದೂಪುರದ ಸಬ್‌ಜೈಲಿಗೆ, ರೆಡ್ಡಿಪಲ್ಲಿಗೆ ಬನ್ನಿ. ಹೆಂಗಸರು ಗಂಡ ಜೈಲಿನಲ್ಲಿರುವ ಆ ಹೆಣ್ಣುಮಗಳ ಮನೆಗೆ ಹೋಗಿ, ಮುಂದಿನ ಭಾನುವಾರ ಅವಳನ್ನು ನಿಮ್ಮ ಸಾಲಿನ ನಡುವೆ ಕೂರಿಸಿಕೊಳ್ಳಿ. ಕೂಲಿಗೆ ಕರೆಯಿರಿ. ಅವಳ ಮಕ್ಕಳ ಶಾಲೆಯ ಫೀಸನ್ನು ನಾಲ್ಕು ಮನೆಯವರು ಸೇರಿ ಕಟ್ಟಿ.

ಭಾರತದ ಧರ್ಮಸಭೆ ಆಗಸ್ಟ್ ತಿಂಗಳ ಎರಡನೇ ಭಾನುವಾರವನ್ನು ಸೆರೆಮನೆ ಸೇವೆಗೆ ಮೀಸಲಿಟ್ಟಿದೆ. ಆ ಭಾನುವಾರ ನಮ್ಮ ದೇವಾಲಯಗಳಲ್ಲಿ ವಿಶ್ವಾಸಿಗಳ ಪ್ರಾರ್ಥನೆ ಹೇಳುವಾಗ, ಮನೆಯವರ ಒಪ್ಪಿಗೆ ಪಡೆದು, ಜೈಲಿನಲ್ಲಿರುವ ನಮ್ಮವರ ಹೆಸರುಗಳನ್ನು ಗಟ್ಟಿಯಾಗಿ ಹೇಳಿ. ಪೂಜೆ ಮುಗಿದ ಮೇಲೆ ಶ್ಯೂರಿಟಿಗೆ ನಿಲ್ಲಲು ಸಿದ್ಧರಿರುವವರು ಮನೆಗೆ ಹೋಗುವ ಮುಂಚೆ ಗುರುಗಳ ಬಳಿ ನಿಮ್ಮ ಹೆಸರು ಬರೆಸಿ. ನನ್ನ ಹೆಸರು ಬರೆಸಿಯಾಗಿದೆ. ನಿಮ್ಮಲ್ಲಿ ಇನ್ನೊಬ್ಬರು ಬೇಕು, ಕೋರ್ಟು ಕೇಳುವುದು ಇಬ್ಬರನ್ನು.

ನಿಮ್ಮ ಧರ್ಮಸಹೋದರ,
ಕುಂದುರ್ಪಿ ಸೀಮೆಯ ಒಬ್ಬ ವಿಶ್ವಾಸಿ